ಮೋಟುಬೆರಳಿನ ಗಾಲಿ

ಹೊಸದೇನನ್ನಾದರೂ ಕಂಡುಹಿಡಿಯಬೇಕೆನ್ನುವವರು ಮೊದಲು ಅಪ್ಪನನ್ನು ನೆಂಟರ ಮನೆಗೆ ಕಳಿಸಿಬಿಡಬೇಕು. ಇದು ನನ್ನ ಅನುಭವದ ಮಾತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಕೊಡ್ಲಿಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದೆ. ಏರು ಹತ್ತುವಾಗ ಜೀಪುಗಳ ಫ್ಯಾನ್ ಬೆಲ್ಟ್ ಸಡಿಲವಾಗಿ ಜಾರಿ, ರೇಡಿಯೇಟರ್ ಕುದ್ದು, ತೋಟದ ಸಾಹುಕಾರರು ನಡೆದೇ ಬರುತ್ತಿದ್ದರು. ಸ್ಪ್ರಿಂಗಿನ ಬಲದಿಂದ ಬೆಲ್ಟನ್ನು ಸದಾ ಒತ್ತಿ ಬಿಗಿಯಾಗಿಡುವ ಪುಟ್ಟ ಗಾಲಿಯೊಂದನ್ನು ಮಾಡಿದೆ. ಬೆಲ್ಟ್ ಜಾರುವುದು ನಿಂತಿತು, ನನ್ನ ತಲೆ ತಿರುಗತೊಡಗಿತು. ಆ ಗಾಲಿಗೆ ನನ್ನ ಹೆಸರು ಬರಬೇಕು, ಅದೊಂದೇ ಆಸೆ. ಬಚ್ಚಲ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದೂ ನೋಡಿದೆ. ಹೊಗೆ ಹಿಡಿದಿದೆಯೆಂದು ಹೆಂಡತಿ ಉಜ್ಜಿ ತೊಳೆದಳು.

ಮಡಿಕೇರಿಯ ವಕೀಲರು ಪೇಟೆಂಟಿಗೆ ಅರ್ಜಿ ಬರೆದರು. “ಬರೀ ಜೀಪು ಅಂತ ಯಾಕೆ? ಯಾವ ಯಂತ್ರದ ಬೆಲ್ಟಿಗಾದರೂ ಅಂತ ಹಾಕೋಣ” ಎಂದರು. ಹಾಕಿ ಎಂದೆ. ಆಸೆಗೆ ಬ್ರೇಕ್ ಎಲ್ಲಿದೆ? ಮೈಸೂರಿನ ಮೋಟಾರು ಸಾಮಾನಿನ ವ್ಯಾಪಾರಿಯೊಬ್ಬ ತಕರಾರು ತೆಗೆದ. ಇಂಥದ್ದು ಮೊದಲೇ ಎಲ್ಲಾದರೂ ಬಳಕೆಯಲ್ಲಿತ್ತೆಂದು ತೋರಿಸಿದರೆ ಪೇಟೆಂಟ್ ಸಿಗುವುದಿಲ್ಲವಂತೆ. ಅದನ್ನು ಹುಡುಕಿಕೊಂಡು ಅವನ ಕಡೆಯವನೊಬ್ಬ ನಮ್ಮ ಮನೆಗೇ ಬಂದ. ನಾನಿರಲಿಲ್ಲ, ಅಪ್ಪ ಇದ್ದ. ಕಾಫಿ ಕೊಟ್ಟ.

“ನಿಮ್ಮ ಮಗನಿಗೆ ಈ ಬುದ್ಧಿ ಎಲ್ಲಿಂದ ಬಂತು?” ಎಂದು ಕೇಳಿದನಂತೆ. ಅಂಥ ಪ್ರಶ್ನೆಯನ್ನು ಅಪ್ಪನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. “ಬನ್ನಿ ಸ್ವಾಮಿ, ತೋರಿಸ್ತೀನಿ” ಎಂದು ಹಿತ್ತಲಿನ ಪಲ್ಪರ್ ಮನೆಗೆ ಕರೆದೊಯ್ದ. ಕಾಫಿ ಹಣ್ಣು ಸುಲಿಯುವ ಆ ಯಂತ್ರದ ಬೆಲ್ಟಿನ ಮೇಲೆ, ಕಲ್ಲಿನ ಭಾರಕ್ಕೆ ಒತ್ತಿ ಕೂರುವಂತೆ ಅಪ್ಪ ಮಾಡಿದ್ದ ಮರದ ಗಾಲಿಯೊಂದು ನಾನು ಚಿಕ್ಕವನಿದ್ದಾಗಿನಿಂದ ಇತ್ತು. ದಿನಾ ಕಣ್ಣಿಗೆ ಬೀಳುತ್ತಿತ್ತು. ತಲೆಗೂ ಬಿದ್ದಿತ್ತೋ ಏನೋ, ನನಗೆ ಗೊತ್ತಾಗಿರಲಿಲ್ಲ. ಬಂದವನು ಫೋಟೋ ತೆಗೆದ. ಅದರಲ್ಲಿ ಅಪ್ಪ ಎರಡು ಬೆರಳಿಲ್ಲದ ಬಲಗೈಯನ್ನು ಗಾಲಿಯ ಮೇಲಿಟ್ಟು ನಗುತ್ತಿದ್ದಾನೆ.

ಪೇಟೆಂಟ್ ಬರಲಿಲ್ಲ. ಅರ್ಜಿಯಲ್ಲಿ ಯಾವ ಯಂತ್ರವಾದರೂ ಎಂದಿದೆಯಲ್ಲ, ಸ್ಪ್ರಿಂಗಾದರೇನು, ಕಲ್ಲಾದರೇನು, ಬೆಲ್ಟನ್ನು ಒತ್ತುವ ಗಾಲಿ ಹಳೆಯದೇ ಎಂದು ತೀರ್ಪಾಯಿತು. ಮನೆಗೆ ಬಂದು ಹಾರಾಡಿದೆ. “ಅವನಿಗ್ಯಾಕಪ್ಪಾ ತೋರಿಸ್ದೆ? ನನ್ನ ಹೆಸರು ಮಣ್ಣುಪಾಲಾಯ್ತಲ್ಲ!”

“ಹಂಗಾರೆ ಮೊದ್ಲು ಮಾಡ್ದೋನು ನಾನೇ ಅಂತ ಸರ್ಕಾರನೇ ಹೇಳ್ತಾ?” ಅಪ್ಪ ಕಣ್ಣರಳಿಸಿದ.

“ಹೇಳ್ತು. ಯಾವ ಘನಕಾರ್ಯಕ್ಕೆ ಮಾಡಿದ್ದೆ ಅದನ್ನ?”

ಅಪ್ಪನ ನಗು ಆರಿತು. “ಬೆಲ್ಟ್ ಜಾರ್ದಾಗೆಲ್ಲ, ಹಿಡಿತ ಬರ್ಲಿ ಅಂತ ಓಡ್ತಿರೋವಾಗ್ಲೇ ಕೈಯಲ್ಲಿ ರಾಳ ಹಚ್ಬೇಕಿತ್ತು ಕಣ್ಲಾ. ನನ್ನ ಬೆರಳು ಹೋದ್ವು. ಆಮೇಲೆ ಅಲ್ಲಿ ಕೈ ಹಾಕ್ಬೇಕಾಗಿದ್ದೋನು ನೀನಲ್ವಾ?”

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಪ್ಪ ಮುಂದಿನ ಮಳೆಗಾಲ ನೋಡಲಿಲ್ಲ. ಆದರೆ ಅಷ್ಟರಲ್ಲಿ ತೀರ್ಪಿನ ಸುದ್ದಿಯನ್ನು ಸಂತೆಯಲ್ಲೆಲ್ಲ ಹಂಚಿ ಮುಗಿಸಿದ್ದ. ಈಗ ಜೀಪಿನವರು ಬಂದು “ಆ ಮೋಟುಬೆರಳಿನ ಗಾಲಿ ಒಂದು ಹಾಕ್ಕೊಡಿ” ಅನ್ನುತ್ತಾರೆ. ಗ್ಯಾರೇಜಿನ ಬೋರ್ಡಿನಲ್ಲಿ ನನ್ನ ಹೆಸರು ದೊಡ್ಡದಾಗಿಯೇ ಇದೆ, ಯಾರೂ ಓದುವುದಿಲ್ಲ. ನಾನು ಹಲ್ಲು ಕಚ್ಚಿಕೊಂಡು ಗಾಲಿ ಕೂರಿಸುತ್ತೇನೆ, ಹತ್ತೂ ಬೆರಳಿನಿಂದ.