ಬಚ್ಚಲುಮನೆಯ ಮರಗಪ್ಪೆಯನ್ನು ಪಳಗಿಸಿದ್ದು

ದನದ ಡಾಕ್ಟರ ಮರ್ಯಾದೆ ಕಳೆಯಲು ದನವೇ ಬೇಕೆಂದೇನಿಲ್ಲ. ನನ್ನ ಸರ್ವೀಸಿನಲ್ಲಿ ಕೋಳಿ, ಕುರಿ, ಒಂದು ಸಲ ಮೊಲ ಕೂಡ ಆ ಕೆಲಸ ಮಾಡಿವೆ. ಆದರೆ ತೊಂಬತ್ತರ ದಶಕದಲ್ಲಿ ನಾನು ಅರಕೆರೆ ಕಡೆಯ ಒಂದು ಹಳ್ಳಿಯಲ್ಲಿದ್ದಾಗ ಹೆಬ್ಬೆಟ್ಟಿನ ಗಾತ್ರದ ಮರಗಪ್ಪೆಯೊಂದು ಕಳೆದಷ್ಟು ಇನ್ನಾವುದೂ ಕಳೆಯಲಿಲ್ಲ.

ಆಸ್ಪತ್ರೆಯ ಹಿಂದೆಯೇ ನಮ್ಮ ಮನೆ, ಮನೆಯ ಹಿಂದೆಯೇ ಗದ್ದೆ. ಮಳೆಗಾಲ ಶುರುವಾದ ಮೇಲೆ ಈ ಕಪ್ಪೆ ಬಂದು ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿತು. ಕೆ.ಆರ್.ಪೇಟೆ ಕಡೆಯ ನನ್ನ ಹೆಂಡತಿ ಹಾವು ಕಂಡರೂ ಹೆದರದವಳು. ಒಂದು ದಿನ ಅವಳು ತಲೆಗೆ ನೀರು ಹಾಕಿಕೊಳ್ಳುವಾಗ ಕಪ್ಪೆ ಹೆಗಲ ಮೇಲೆ ಹಾರಿತು. ಬಚ್ಚಲಲ್ಲಿ ಅದಿರಬೇಕು, ಇಲ್ಲ ತಾನಿರಬೇಕು, ನಾಳೆಯೇ ಊರಿನ ಬಸ್ಸು ಹತ್ತುತ್ತೇನೆ ಎಂದಳು.

ಪೊರಕೆಯಲ್ಲಿ ಹೊಡೆದು ಓಡಿಸಲು ನನಗೆ ಮನಸ್ಸಾಗಲಿಲ್ಲ. ಅದನ್ನು ಕೈಗೆ ರೂಢಿ ಮಾಡಿಸುತ್ತೇನೆ, ನೀನು ಸ್ನಾನಕ್ಕೆ ಹೋಗುವ ಮುಂಚೆ ಎತ್ತಿ ಹಿತ್ತಲ ನಂದಿಬಟ್ಟಲ ಗಿಡದ ಮೇಲೆ ಇಟ್ಟು ಬರುತ್ತೇನೆ ಎಂದು ಮಾತು ಕೊಟ್ಟು ಬಸ್ಸು ತಪ್ಪಿಸಿದೆ. ಹೋರಿಗೆ ಮೂಗುದಾರ ಹಾಕಿದ ಕೈ ಇದು ಎಂಬ ಜಂಬ ಬೇರೆ.

ಮೊದಲನೇ ದಿನ

ಬೆಳಿಗ್ಗೆ ಹೋಗಿ ಲಬಕ್ಕನೆ ಹಿಡಿದೆ. ಅದು ಅಂಗೈಯಲ್ಲೇ ಉಚ್ಚೆ ಹೊಯ್ದು, ಬೆರಳ ಸಂದಿಯಿಂದ ಜಾರಿ, ನೇರ ನನ್ನ ಹಣೆಗೆ ಬಂದು ಅಂಟಿತು. ತಣ್ಣಗಿನ ಕಾಲೊಂದು ರೆಪ್ಪೆಯ ಮೇಲಿತ್ತು. ನಾನು ಕೂಗಿದ್ದು ಆಸ್ಪತ್ರೆ ಮುಂದೆ ಹಸು ಹಿಡಿದು ನಿಂತಿದ್ದ ಗೌಡರೊಬ್ಬರಿಗೆ ಕೇಳಿಸಿತು. ಮುಖ ಒರೆಸಿಕೊಂಡು ಹೊರಗೆ ಬಂದಾಗ ಏನಾಯಿತೆಂದು ಕೇಳಿದರು. ಎಮ್ಮೆ ಒದೆಯಿತು ಎಂದುಬಿಟ್ಟೆ.

ಗೌಡರು ಮನೆಯ ಕಡೆ ಒಮ್ಮೆ ನೋಡಿದರು. "ಬಚ್ಚಲ್ಮನೇಲಿ ಎಮ್ಮೆ ಕಟ್ಟೀರಾ ಸಾ?" ಎಂದರು.

ಒದ್ದೆ ಕೈ

ಪಾಂಡವಪುರದಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಗೆಳೆಯನೊಬ್ಬನನ್ನು ಕೇಳಿದೆ. ಕಪ್ಪೆಯನ್ನು ನೀನು ಹಿಡಿಯಬಾರದು, ಅದೇ ನಿನ್ನ ಕೈಗೆ ಬರಬೇಕು ಎಂದ. ಕೈಯಲ್ಲಿ ಸೋಪು, ಫಿನಾಯಿಲಿನ ವಾಸನೆ ಇರಬಾರದು, ಒಣ ಕೈ ಅದರ ಚರ್ಮಕ್ಕೆ ಆಗುವುದಿಲ್ಲ, ಬರೀ ನೀರಲ್ಲಿ ಒದ್ದೆ ಮಾಡಿ ಹತ್ತಿರ ಇಟ್ಟು ಅಲ್ಲಾಡದೆ ಕಾಯಬೇಕು ಎಂದ.

ಅಂದಿನಿಂದ ದಿನಾ ಸಂಜೆ ಬಚ್ಚಲಲ್ಲಿ ಸ್ಟೂಲು ಹಾಕಿಕೊಂಡು, ಒದ್ದೆ ಕೈಯನ್ನು ಗೋಡೆಗಿಟ್ಟು ಅರ್ಧ ಗಂಟೆ ಕೂರತೊಡಗಿದೆ. ಕೇಳಿದವರಿಗೆಲ್ಲ ಹೆಂಡತಿ, "ಕಪ್ಪೆ ಮುಂದೆ ಕುಂತವ್ರೆ," ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿ ಕಳಿಸುತ್ತಿದ್ದಳು. ಸುದ್ದಿ ಊರೆಲ್ಲ ಹಬ್ಬಿತು. ಕಪ್ಪೆಯನ್ನೇ ಪಳಗಿಸುವವರಿಗೆ ಇದೇನು ಮಹಾ ಎಂದು ಅದೇ ಗೌಡರು, ಯಾರನ್ನೂ ಹತ್ತಿರ ಸೇರಿಸದ ಕಡಸೊಂದನ್ನು ಎಳೆದು ತಂದರು. ನಾನು ಹೊಗಳಿಕೆಗೆ ಉಬ್ಬಿ, ಹಗ್ಗ ಸಡಿಲ ಬಿಡಿ ಎಂದೆ. ಮುಂದಿನ ಕ್ಷಣ ಹುಲ್ಲಿನ ಮೆದೆಯಲ್ಲಿದ್ದೆ.

ಗೌಡರು ನನ್ನನ್ನು ಎಬ್ಬಿಸಿ, ಬೆನ್ನಿನ ಹುಲ್ಲು ಕೊಡವಿದರು. ಆಮೇಲೆ ಮೆಲ್ಲಗೆ ಕೇಳಿದರು: "ಕೈ ಒದ್ದೆ ಮಾಡ್ಕಂಡಿದ್ರಾ ಸಾ?"

ನಾಲೆಗೆ ಬಿಟ್ಟದ್ದು

ಒಂದು ದಿನ ಕಪ್ಪೆ ಬೆರಳ ತುದಿ ಮುಟ್ಟುತ್ತಿತ್ತು. ಮರುದಿನ ನನ್ನನ್ನು ಕಂಡೇ ಇಲ್ಲವೆಂಬಂತೆ ಸೂರಿಗೆ ಹಾರುತ್ತಿತ್ತು. ಮೂರನೇ ದಿನ ಮತ್ತೆ ಅ ಆ ಇ ಈ. ಇಷ್ಟು ಮರೆಗುಳಿ ಪ್ರಾಣಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಬೇಸತ್ತು ಒಂದು ಬೆಳಿಗ್ಗೆ ಅದನ್ನು ಊಟದ ಡಬ್ಬಿಗೆ ಹಾಕಿ, ಸ್ಕೂಟರಿನಲ್ಲಿ ಎರಡು ಮೈಲಿ ಹೋಗಿ, ನಾಲೆಯ ಪಕ್ಕದ ಪೊದೆಯಲ್ಲಿ ಬಿಟ್ಟು ಬಂದೆ.

ಸಂಜೆ ನೋಡಿದರೆ ಅದೇ ಗೋಡೆ, ಅದೇ ಜಾಗ, ಅದೇ ಕಪ್ಪೆ. ಅಷ್ಟು ದೂರ ಕುಪ್ಪಳಿಸಿಕೊಂಡು ನನಗಾಗಿ ವಾಪಸ್ಸು ಬಂದಿದೆ ಎಂದು ಕಣ್ಣೊರೆಸಿಕೊಂಡೆ. ಹೆಂಡತಿಯನ್ನು ಕರೆದು, ಮೂಕಪ್ರಾಣಿಯ ಋಣ ನೋಡು ಎಂದೆ. ಅವಳು ಬಾಗಿಲಲ್ಲೇ ನಿಂತು ನನ್ನ ಒದ್ದೆ ಕಣ್ಣು ನೋಡಿ, "ಊಟದ್ ಡಬ್ಬಿ ತೊಳುದ್ರಾ?" ಎಂದಳು.

ಮಾವನವರ ಮುಂದೆ

ಮೂರನೇ ತಿಂಗಳಿಗೆ ಕಪ್ಪೆ ಒಂದೆರಡು ಸಲ ಪೂರ್ತಿ ಅಂಗೈಗೆ ಬಂದು ಕೂತಿತು. ಅದೇ ವಾರ, ಬಚ್ಚಲಿನ ತಕರಾರು ಏನೆಂದು ವಿಚಾರಿಸಲು ನನ್ನ ಮಾವ ಕೆ.ಆರ್.ಪೇಟೆಯಿಂದ ಬಂದರು. ಮಗಳನ್ನು ಕರೆದುಕೊಂಡು ಹೋಗಲೂ ತಯಾರಾಗೇ ಬಂದಿದ್ದರು. ಇದೇ ಸಮಯ ಎಂದು ಅವರನ್ನೂ ಹೆಂಡತಿಯನ್ನೂ ಬಾಗಿಲಲ್ಲಿ ನಿಲ್ಲಿಸಿ, ಉಸಿರಾಡಬೇಡಿ ಎಂದು ಹೇಳಿ, ಸ್ಟೂಲಿನ ಮೇಲೆ ಕೂತೆ. ಒದ್ದೆ ಕೈ ಗೋಡೆಗಿಟ್ಟೆ.

ಕಪ್ಪೆ ನಿಧಾನವಾಗಿ ಬಂತು. ಬೆರಳು ಹತ್ತಿತು. ಅಂಗೈ ನಡುವೆ ಕೂತು ಗಂಟಲು ಆಡಿಸಿತು. ನಾನು ಹೆಮ್ಮೆಯಿಂದ ತಿರುಗಿದೆ. ಹೆಂಡತಿ ನನ್ನನ್ನು ನೋಡುತ್ತಿರಲಿಲ್ಲ.

"ಕಿಟ್ಕೀಲಿ ಇರೋದ್ಯಾವ್ದು?" ಎಂದಳು.

ಕಿಟಕಿಯಲ್ಲಿ ಒಂದು ಕಪ್ಪೆ ಕೂತಿತ್ತು. ಹಂಡೆಯ ಹಿಂದೆ ಇನ್ನೊಂದು. ಸೂರಿನ ತೊಲೆಯ ಮೇಲೆ ಮತ್ತೊಂದು. ನಾಲ್ಕೂ ಅದೇ ಬಣ್ಣ, ಅದೇ ಗಾತ್ರ, ಅದೇ ಉಬ್ಬುಗಣ್ಣು. ಮೂರು ತಿಂಗಳಿಂದ ಯಾರ್ಯಾರಿಗೆ ಯಾವ ಪಾಠ ಮಾಡಿದ್ದೆನೋ. ನಾಲೆಯಿಂದ ಯಾರೂ ವಾಪಸ್ಸು ಬಂದಿರಲಿಲ್ಲ. ಅಷ್ಟರಲ್ಲಿ ಅಂಗೈಯಲ್ಲಿದ್ದದ್ದೂ ನೆಗೆದು ಹಂಡೆಯ ಹಿಂದೆ ಹೋಯಿತು.

ಮಾವ ಕಿಟಕಿ, ಹಂಡೆ, ತೊಲೆ ಎಲ್ಲವನ್ನೂ ಒಮ್ಮೆ ನೋಡಿದರು.

"ಆದ್ರೂ ಒಂದಂತೂ ಪಳಗೈತೆ ಬುಡವ್ವ," ಎಂದರು ಮಗಳಿಗೆ.

ಯಾವುದೆಂದು ಅವಳು ಕೇಳಿದಳು. ಮಾವ ಸ್ಟೂಲಿನ ಕಡೆ ಬೆರಳು ತೋರಿಸಿದರು. ನಾನಿನ್ನೂ ಒದ್ದೆ ಕೈಯನ್ನು ಗೋಡೆಗಿಟ್ಟುಕೊಂಡು, ಅಲ್ಲಾಡದೆ ಕೂತಿದ್ದೆ.