ಅತ್ತೆ ಯೂ-ಟರ್ನ್ ಹೊಡೆಯುವುದಿಲ್ಲ

ನಮ್ಮ ಅತ್ತೆಯ ಕಾರಿಗೆ ರಿವರ್ಸ್ ಗೇರ್ ಕೂರಿಸಿದ ಕಂಪನಿಯವರನ್ನು ನೆನೆದರೆ ನನಗೆ ಮರುಕವಾಗುತ್ತದೆ. ಪಾಪ, ಅಷ್ಟು ಕಷ್ಟಪಟ್ಟು ಮಾಡಿಟ್ಟಿದ್ದಾರೆ, ಬಳಸುವವರೇ ಇಲ್ಲ! ದಿನಾ ಸಂಜೆ ಮಾವ ಹೊರಬಂದು ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಬೆಳಗ್ಗೆ ಅತ್ತೆ ಕೂರುತ್ತಾಳೆ, ಕೀಲಿ ತಿರುವುತ್ತಾಳೆ, ಬಿಟ್ಟ ಬಾಣದಂತೆ ಹೊರಡುತ್ತಾಳೆ. ಬಿಟ್ಟ ಬಾಣ ಹಿಂದಕ್ಕೆ ಬಂದದ್ದನ್ನು ನೀವು ನೋಡಿದ್ದೀರಾ? ಹಾಗೆಯೇ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಬಂದು, ನ್ಯೂಜಿಲೆಂಡಿನ ಟೌರಂಗಾ ಊರಿನ ಆಸ್ಪತ್ರೆಯಲ್ಲಿ ಒಂದು ವಾರ್ಡನ್ನು ಮಹಾರಾಣಿಯಂತೆ ಆಳುತ್ತಿರುವವಳು. ಡಾಕ್ಟರುಗಳೇ ಅವಳ ಎದುರು ಚಪ್ಪಲಿಯ ಸದ್ದು ಮಾಡದೆ ನಡೆಯುತ್ತಾರಂತೆ. ಆದರೆ ಈ ವಿಜ್ಞಾನದ ಮಹಾರಾಣಿಗೆ ಅಜ್ಜಿಯಿಂದ ಬಂದ ಒಂದು ಶಾಸ್ತ್ರವಿದೆ: ಹೊರಟ ಮೇಲೆ ತಿರುಗಬಾರದು. ಹೊರಟವರನ್ನು ಯಾರೂ "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ? ಒಳಗೆ ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಈ ರಿಯಾಯಿತಿ ಗೇಟಿನ ಒಳಗಿದ್ದರೆ ಮಾತ್ರ. ಗೇಟು ದಾಟಿದರೋ, ಮುಗಿಯಿತು, ಬ್ರಹ್ಮ ಬಂದರೂ ತಿರುಗುವಂತಿಲ್ಲ!

ಅವಳ ಪಕ್ಕದ ಮನೆಯ ಕೀವಿ ಮುದುಕನಿಗೆ ಪಾಪ ಇದೆಲ್ಲ ಗೊತ್ತಿಲ್ಲ. ಬೇಲಿಯ ಮೇಲಿಂದ ಗಡ್ಡ ತೂರಿಸಿ ದಿನಾ ಕೇಳುತ್ತಾನೆ, "ಆಫ್ ಸಮ್‌ವೇರ್ ನೈಸ್?" ಅತ್ತೆ ಹಲ್ಲು ಕಚ್ಚಿ ನಕ್ಕು, ಒಳಗೆ ಹೋಗಿ, ಸೋಫಾದ ಮೇಲೆ ಕೂತು, ನೀರು ಕುಡಿದು ಬರುತ್ತಾಳೆ. ಮುದುಕ ಮತ್ತೆ ಕೇಳುತ್ತಾನೆ. ಒಂದು ಬೆಳಗ್ಗೆ ಹೀಗೆ ಕುಡಿದೂ ಕುಡಿದೂ, ಕೊನೆಗೆ ಹೊರಡುವ ಹೊತ್ತಿಗೆ ಬೇರೆಯದೇ ಕಾರಣಕ್ಕೆ ಒಳಗೆ ಓಡಬೇಕಾಯಿತು.

ಗೇಟು ದಾಟಿದ ಮೇಲಿನ ಕಥೆಗಳು ಇನ್ನೂ ದೊಡ್ಡವು. ಕನ್ನಡಕ ಮರೆತರೆ ತಿರುಗುವುದಿಲ್ಲ, ಮಾವನಿಗೆ ಫೋನು. ಊಟದ ಡಬ್ಬಿ ಮರೆತರೆ ತಿರುಗುವುದಿಲ್ಲ, ಮಾವನಿಗೆ ಫೋನು. ಮಾವ ನಿವೃತ್ತ ಎಂಜಿನಿಯರ್ ಎಂದು ಬೇರೆಯವರು ತಿಳಿದಿದ್ದಾರೆ. ವಾಸ್ತವದಲ್ಲಿ ಅವರು ಅತ್ತೆಯ ಹಿಂದೆ ಸಾಮಾನು ಹಿಡಿದು ಓಡುವ ಕೊರಿಯರ್ ಸೇವೆ.

ನಾನು ಈ ದೇಶಕ್ಕೆ ಬಂದಿಳಿದ ದಿನ ನನ್ನನ್ನು ಕರೆದೊಯ್ಯಲು ಅತ್ತೆ ಟೌರಂಗಾದಿಂದ ಆಕ್ಲೆಂಡಿಗೆ ಹೊರಟಳು. ದಾರಿಯಲ್ಲಿ ಒಂದು ತಿರುವು ತಪ್ಪಿತು. ನೀವೋ ನಾನೋ ಆದರೆ ಮುಂದಿನ ಸರ್ಕಲ್‌ನಲ್ಲಿ ತಿರುಗಿಸುತ್ತೇವೆ. ಅತ್ತೆ ನೇರ ಹ್ಯಾಮಿಲ್ಟನ್ ಎಂಬ ಬೇರೆಯದೇ ಊರು ಸೇರಿದಳು! ಅಲ್ಲಿ ಐಸ್‌ಕ್ರೀಂ ತಿಂದು, ನನಗೂ ಒಂದು ಕಟ್ಟಿಸಿಕೊಂಡು, ಏರ್‌ಪೋರ್ಟಿಗೆ ಬಂದಾಗ ನಾನು ಸೂಟ್‌ಕೇಸಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

"ಅತ್ತಿ, ದಾರಿ ತಪ್ಪಿತೇನು?" ಎಂದೆ.

"ತಪ್ಪು ದಾರಿ ಅಂಬೋದು ಇಲ್ಲಲೇ ಮಂಗ್ಯಾ. ಉದ್ದನ್ ದಾರಿ ಅಂತ ಇರತೈತಿ. ತಗೋ, ಐಸ್‌ಕ್ರೀಂ ಕುಡಿ."

ಹೌದು, ಕುಡಿಯುವ ಸ್ಥಿತಿಯಲ್ಲೇ ಇತ್ತು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಆಕ್ಲೆಂಡಿನ ಏವನ್‌ಡೇಲಿನಲ್ಲಿ ಮೂವರು ಫ್ಲಾಟ್‌ಮೇಟುಗಳ ಜೊತೆ ವಾಸ, ಹೊಟ್ಟೆಪಾಡಿಗೆ ಸಾಫ್ಟ್‌ವೇರು, ಅಸಲಿ ಕಸುಬು ಅಣಕ. ಯಾರ ಧ್ವನಿಯನ್ನಾದರೂ ತೆಗೆಯಬಲ್ಲೆ. ಕನ್ನಡ ಕೂಟದಲ್ಲಿ ನಾನು ಮೈಕಿನ ಹತ್ತಿರ ಹೋದರೆ ಅಂಕಲ್‌ಗಳೆಲ್ಲ ಎದ್ದು ಕಾಫಿಗೆ ಹೋಗುತ್ತಾರೆ, ಇವತ್ತು ತಮ್ಮ ಸರದಿಯೇನೋ ಎಂದು. ಆದರೆ ನನ್ನ ಅಂಗಡಿಯ ಅತಿ ಹೆಚ್ಚು ಮಾರಾಟದ ಸರಕು ಅತ್ತೆಯೇ. ಅವಳ ಎದುರಿಗೇ ಅವಳಂತೆ ಮಾತಾಡಿದರೆ ಬೆನ್ನಿಗೊಂದು ಗುದ್ದು, ಜೊತೆಗೆ ಎರಡು ಹೋಳಿಗೆ.

ಇಂಥ ಅತ್ತೆಗೆ ಒಂದೇ ಒಂದು ಆಸೆ. ಹಿಮಾಲಯ ಹತ್ತಬೇಕು! ಮೊದಲ ಸಲ ಹೊರಟಾಗ ದೇಶದ ಗಡಿಗಳೇ ಮುಚ್ಚಿದವು. ಎರಡನೆಯ ಸಲ ಮಗಳ ಮದುವೆ ಬಂತು. ಮೂರನೆಯ ಸಲಕ್ಕೆ ಬಲಗಾಲಿನ ಮೊಣಕಾಲು ಕಿರುಗುಟ್ಟತೊಡಗಿತು. ಮೂಳೆ ಡಾಕ್ಟರು ಚಿತ್ರ ನೋಡಿ ಹೇಳಿದರಂತೆ: "ಈ ಮಂಡಿ ಬದಲಾಯಿಸಲೇಬೇಕು. ಬೆಟ್ಟ ಹತ್ತುವುದಿದ್ದರೆ ಅದಕ್ಕೆ ಮೊದಲೇ ಹತ್ತಿ ಬನ್ನಿ. ಆಮೇಲೆ ಆಗುತ್ತದೆಂದು ನಾನು ಮಾತು ಕೊಡಲಾರೆ." ಅಂದರೆ ಹೋದರೆ ಈ ಸಲ. ಇಲ್ಲದಿದ್ದರೆ ಬಹುಶಃ ಎಂದೂ ಇಲ್ಲ.

ಯಾವ ಚಾರಣ ಎಂಬ ಪ್ರಶ್ನೆ ಬಂತು. ಟ್ರೆಕ್ಕಿಂಗ್ ಕಂಪನಿಯ ಹುಡುಗಿ ವಿಡಿಯೋ ಕರೆಯಲ್ಲಿ ಒಂದೊಂದೇ ಚಿತ್ರ ತೋರಿಸಿದಳು. ಅತ್ತೆಯದು ಒಂದೇ ಪ್ರಶ್ನೆ: "ಹೋದ ದಾರಿಯಲ್ಲೇ ವಾಪಸ್ ಬರಬೇಕಾ?" ಹೌದೆಂದರೆ ಮುಂದಿನದು ತೋರಿಸು. ಬೇಸ್ ಕ್ಯಾಂಪುಗಳೆಲ್ಲ ಹೀಗೆ ಮೂಲೆಗೆ ಬಿದ್ದವು. ಜಗತ್ತೇ ಬಾಯಿ ಬಿಟ್ಟು ನೋಡುವ ಶಿಖರಗಳನ್ನು ಅತ್ತೆ "ಅಲ್ಲೀತನ ಹೋಗಿ ಹೊಳ್ಳಿ ಬರೂದಾ? ಏನ್ ಕಿರಾಣಿ ಅಂಗಡಿ ಏನದು?" ಎಂದು ತಳ್ಳಿಹಾಕಿದಳು. ಕೊನೆಗೆ ಒಂದು ಸಿಕ್ಕಿತು. ಎರಡು ಹಿಮಶಿಖರಗಳ ನಡುವೆ ಒಂದು ಘಟ್ಟ. ಈ ಕಡೆಯಿಂದ ಹತ್ತಿ, ಆ ಕಡೆ ಇಳಿದುಬಿಡುವುದು. ತಿರುಗುವ ಮಾತೇ ಇಲ್ಲ!

"ಒಂದ್ ಸಲ ದಾಟಿ, ಆಕಡೆ ಏನೈತಿ ನೋಡಬೇಕ್ ನೋಡು," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅಣಕಿಸಲು ಹೋದೆ, ಬರಲಿಲ್ಲ.

ಜೊತೆಗೆ ಯಾರು? ಮಾವನಿಗೆ ಬಲ್ಬ್ ಹಾಕಲು ಸ್ಟೂಲ್ ಹತ್ತಿದರೂ ತಲೆ ಸುತ್ತುತ್ತದೆ. ಅತ್ತೆಯ ಮಗಳು ಫೋನಿನಲ್ಲಿ, "ಮಮ್, ಯು ಆರ್ ನಾಟ್ ಗೋಯಿಂಗ್ ಅಲೋನ್. ಫುಲ್ ಸ್ಟಾಪ್!" ಎಂದಳು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನೋ ಜಿಮ್ಮಿನ ಸದಸ್ಯ, ಯುವಕ! "ಅತ್ತಿ, ನಿನ್ ಮೊಣಕಾಲು ಕೈ ಕೊಟ್ರ ನಾ ಹೊತ್ಕೊಂಡು ದಾಟಸ್ತೀನಿ," ಎಂದು ಎದೆ ತಟ್ಟಿದೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನಿಮಗೆ ನಗಲು ಬೇಕಾಗುತ್ತದೆ.

ತಯಾರಿ ಶುರುವಾಯಿತು. ಟೌರಂಗಾದ ಕಡಲಂಚಿನಲ್ಲಿ, ಊರೆಲ್ಲ ಮೌಂಟ್ ಎಂದು ಕರೆಯುವ ಒಂದು ಗುಡ್ಡವಿದೆ. ಅತ್ತೆ ಒಂದು ಮಗ್ಗುಲಿಂದ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿಯುತ್ತಿದ್ದಳು, ಕೇಳಬೇಕೇ! ಬೆನ್ನಿಗೆ ಭಾರವಿರಲೆಂದು ಇಂಡಿಯನ್ ಅಂಗಡಿಯ ಸೋನಾಮಸೂರಿ ಅಕ್ಕಿಯ ಚೀಲ ಹೊರುತ್ತಿದ್ದಳು. ನಾನೂ ಜೊತೆಗಿದ್ದ ಒಂದು ದಿನ ಚೀಲ ತೂತಾಗಿತ್ತು. ಅತ್ತೆಗೆ ಗೊತ್ತಿಲ್ಲ. ಮುಂದೆ ಅತ್ತೆ, ಹಿಂದೆ ಕಡಲ ಹಕ್ಕಿಗಳ ಮೆರವಣಿಗೆ! ಎದುರಾದವರೆಲ್ಲ ನಿಂತು ಫೋಟೋ ಹೊಡೆದರು. ಅತ್ತೆ ನನ್ನ ಕಡೆ ತಿರುಗದೆಯೇ, "ನೋಡಲೇ, ನನ್ ಸ್ಪೀಡ್ ನೋಡಿ ಮಂದಿ ಹ್ಯಾಂಗ ಬೆರಗಾಗ್ಯಾರ!" ಎಂದಳು. ಹಿಂದೆ ತಿರುಗಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ತಿರುಗುವವಳೇ ಅವಳು?

ನೇಪಾಳದಲ್ಲಿ ನಮ್ಮ ತಂಡ ಸಣ್ಣದು. ನಾವಿಬ್ಬರು, ನಮ್ಮ ದೇಶದ್ದೇ ನೆಲ್ಸನ್ ಊರಿನಿಂದ ಬಂದಿದ್ದ ಒಬ್ಬ ಸೇಬಿನ ತೋಟದವನು ಮತ್ತು ಅವನ ಹೆಂಡತಿ, ಸಾಮಾನು ಹೊರುವ ಇಬ್ಬರು, ಮತ್ತು ಗೈಡ್. ಗೈಡ್ ಸದಾ "ಬಿಸ್ತಾರೈ, ಬಿಸ್ತಾರೈ" ಎನ್ನುವ ಮಿತಭಾಷಿ. ನಿಧಾನ, ನಿಧಾನ ಎಂದರ್ಥ. ಮೊದಲ ದಿನವೇ ನಾನು ಅವನ ಧ್ವನಿ ಹಿಡಿದೆ. ಎರಡನೆಯ ದಿನ ಅವನು ಹಿಂದೆ ಉಳಿದಾಗ ನಾನು ಅವನ ಧ್ವನಿಯಲ್ಲಿ "ಟೀ ಬ್ರೇಕ್!" ಎಂದೆ, ಇಡೀ ತಂಡ ಚೀಲ ಇಳಿಸಿ ಕೂತಿತು!

ಅತ್ತೆಯಂತೂ ಇಡೀ ಬೆಟ್ಟವನ್ನೇ ವಾರ್ಡ್ ಮಾಡಿಕೊಂಡಳು. ಸಂಜೆಯಾದರೆ ಲಾಡ್ಜಿನಲ್ಲಿ ರೌಂಡ್ಸ್. ಎಲ್ಲರ ಬೆರಳಿಗೂ ಆಮ್ಲಜನಕ ಅಳೆಯುವ ಕ್ಲಿಪ್ಪು, ಎಲ್ಲರ ಕೈಗೂ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಸೇಬಿನ ತೋಟದವನು ಸೂಪು ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ಊಟದ ಮನೆಗೆಲ್ಲ ಕೇಳುವಂತೆ, "ಬೌವಲ್ಸ್ ಓಪನ್ ಟುಡೇ?" ಹೊಟ್ಟೆ ಸಾಫಾಯಿತೇ ಅಂತ! ಆ ಆರಡಿ ಆಳು ಚಮಚ ಕೆಳಗಿಟ್ಟು, "ಯೆಸ್ ಮ್ಯಾಮ್," ಎನ್ನುತ್ತಿದ್ದ. ನಾನು ಇದನ್ನು ಅಣಕಿಸಿ ತೋರಿಸಿದರೆ ಅವನ ಹೆಂಡತಿ ನಕ್ಕೂ ನಕ್ಕೂ ಮೇಜಿಗೆ ಒರಗುತ್ತಿದ್ದಳು.

ಒಂದು ಬೆಳಗ್ಗೆ ಅತ್ತೆ ತನ್ನ ಊರುಗೋಲನ್ನೇ ಲಾಡ್ಜಿನಲ್ಲಿ ಮರೆತಳು. ನೆನಪಾದದ್ದು ಏರು ಹತ್ತಿದ ಮೇಲೆ. ಮಂಡಿ ನೋಯುತ್ತಿದೆ, ಕೋಲು ಬೇಕೇ ಬೇಕು. ತಿರುಗುವುದಂತೂ ಇಲ್ಲ! ಗೈಡ್ ನಿಟ್ಟುಸಿರುಬಿಟ್ಟು ಕೆಳಗೆ ಓಡಿದ. ಮಾವನ ಕೊರಿಯರ್ ಸೇವೆಗೆ ನೇಪಾಳದಲ್ಲೊಂದು ಶಾಖೆ ತೆರೆದಂತಾಯಿತು.

ಹೀಗೆ ನಗುನಗುತ್ತಾ ಘಟ್ಟದ ಹಿಂದಿನ ದಿನ ಬಂತು. ಮಧ್ಯಾಹ್ನದ ಬಿಸಿಲು. ಮೇಲೆ, ಎರಡು ಬಿಳಿ ಶಿಖರಗಳ ನಡುವೆ, ಘಟ್ಟ ನಿಚ್ಚಳವಾಗಿ ಕಾಣುತ್ತಿತ್ತು. ಬಣ್ಣದ ಪ್ರಾರ್ಥನಾ ಪತಾಕೆಗಳು ಪಟಪಟಿಸುತ್ತಿದ್ದವು. ಅತ್ತೆ ಮಂಡಿಗೆ ಪಟ್ಟಿ ಬಿಗಿದುಕೊಂಡು, ಮದುವಣಗಿತ್ತಿ ಮಂಟಪ ನೋಡುವಂತೆ ಅದನ್ನೇ ನೋಡುತ್ತಾ ನಡೆಯುತ್ತಿದ್ದಳು. ಆಮೇಲೆ ನಿಂತಳು.

"ಯಾಕ ಮಂಗ್ಯಾ, ಮುಂಜಾನಿಂದ ಯಾರ ಧ್ವನೀನೂ ತಗದಿಲ್ಲ?"

"ಏನಿಲ್ಲ ಅತ್ತಿ. ಸ್ವಲ್ಪ ತಲಿ ನೋವು."

ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದಳು. ಮುಖ ಬಿಗಿಯಿತು. ಗೆರೆ ಎಳೆದು ಅದರ ಮೇಲೆ ನಡೆ ಎಂದಳು. ನಡೆದೆ. ಗೆರೆ ನೆಟ್ಟಗಿತ್ತು, ನಾನು ಸೊಟ್ಟಗಿದ್ದೆ. ಆಮೇಲೆ ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ ಪರೀಕ್ಷೆ ಮಾಡಿದಳು.

"ನನ್ನಂಗ ಮಾತಾಡಿ ತೋರಸು."

ಅತ್ತೆಯ ಧ್ವನಿ! ನಿದ್ದೆಯಲ್ಲಿ ಎಬ್ಬಿಸಿದರೂ ತೆಗೆಯಬಲ್ಲೆ. ಬಾಯಿ ತೆರೆದೆ. ಮಾವನ ದನಿಯಲ್ಲಿ "ಬಿಸ್ತಾರೈ" ಎಂಬುದೊಂದು ಹೊರಬಂತು, ಅದೂ ಅರ್ಧ. ತೋಟದವನ ಹೆಂಡತಿ ನಕ್ಕಳು. ಅತ್ತೆ ನಗಲಿಲ್ಲ.

"ಎತ್ತರದ ಹವಾ ತಲಿಗೆ ಹೊಡದೈತಿ, ಇಂವನ್ನ ಈಗಿಂದೀಗ ಕೆಳಗ ಇಳಸಬೇಕು," ಎಂದಳು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಗೈಡ್ ಒಪ್ಪಿದ. ಸಾಮಾನು ಹೊರುವವರಲ್ಲಿ ಒಬ್ಬನನ್ನು ನನ್ನ ಜೊತೆ ಕಳಿಸುತ್ತೇನೆ, ಕೆಳಗಿನ ಊರಿನಲ್ಲಿ ದವಾಖಾನೆ ಇದೆ, ನೀವು ಮುಂದೆ ನಡೆಯಿರಿ ದೀದಿ, ನಾಳೆ ಹವೆ ಚೆನ್ನಾಗಿರುತ್ತದೆ ಎಂದ. ಅತ್ತೆ ಒಮ್ಮೆ ಮೇಲೆ ನೋಡಿದಳು. ಒಮ್ಮೆ ಮಂಡಿ ನೋಡಿಕೊಂಡಳು. ಆಮೇಲೆ ತನ್ನ ಹುಬ್ಬಳ್ಳಿ ಹಿಂದಿಯಲ್ಲಿ, "ಮೇರಾ ಭತೀಜಾ ಹೈ ಭಾಯ್, ಪಾರ್ಸೆಲ್ ನಹೀ!" ಎಂದಳು. ತಮ್ಮನ ಮಗನಪ್ಪಾ, ಪಾರ್ಸೆಲ್ ಅಲ್ಲ ಅಂತ!

ಆ ಮಂಪರಿನಲ್ಲೂ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. "ಬ್ಯಾಡ ಅತ್ತಿ, ನೀ ಹೋಗು. ಹೊಂಟ ಮ್ಯಾಲೆ ತಿರಗಬಾರದು."

"ಯಾರ್ ಹೇಳಿದ್ರಲೇ ಹೊಂಟೀವಿ ಅಂತ?" ಊರುಗೋಲೆತ್ತಿ ಘಟ್ಟದ ಕಡೆ ತೋರಿಸಿದಳು. "ಗೇಟು ಅಲ್ಲೈತಿ, ಕಾಣವಲ್ದೇನು? ನಾವಿನ್ನೂ ಅಂಗಳದಾಗ ಅದೀವಿ. ನಡಿ, ಒಳಗ ಹೋಗಿ ನೀರು ಕುಡದು ಬರೂಣು."

ಹೀಗೆಂದು ಅತ್ತೆ ತಿರುಗಿದಳು.

ಹ್ಯಾಮಿಲ್ಟನ್‌ವರೆಗೆ ಹೋದರೂ ತಿರುಗದವಳು, ಕಡಲ ಹಕ್ಕಿಗಳ ಮೆರವಣಿಗೆಗೂ ತಿರುಗದವಳು, ಎರಡು ಸಲ ತಪ್ಪಿಹೋದ ಆಸೆ ಕಣ್ಣೆದುರಿಗೇ ಪತಾಕೆ ಬೀಸುತ್ತಿರುವಾಗ ತಿರುಗಿದಳು. ನನ್ನ ಮಣಿಕಟ್ಟನ್ನು ನಾಡಿ ನೋಡುವಂತೆ ಹಿಡಿದುಕೊಂಡು ಇಡೀ ಇಳಿಜಾರು ಬಿಡಲಿಲ್ಲ. ಮಂಡಿ ಕಿರುಗುಟ್ಟುವುದು ನನಗೇ ಕೇಳುತ್ತಿತ್ತು. ಅತ್ತೆಯನ್ನು ಹೊತ್ತು ದಾಟಿಸುತ್ತೇನೆಂದ ಯುವಕ ಅವಳ ಹೆಗಲಿಗೆ ಜೋತುಬಿದ್ದು ಇಳಿದ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಈಗ ನಗಬಹುದು.

ಕೆಳಗಿನ ದವಾಖಾನೆಯಲ್ಲಿ ಮದ್ದು ಕೊಟ್ಟರು. ಲಾಡ್ಜಿನ ಒಲೆಯ ಪಕ್ಕ ಅತ್ತೆ ನನ್ನನ್ನು ಕೂರಿಸಿ ಬಿಸಿನೀರಿನ ಲೋಟ ಹಿಡಿಸಿದಳು. ಗಾಳಿ ದಟ್ಟವಾಗಿದ್ದಕ್ಕೋ, ಮದ್ದಿಗೋ, ತಲೆ ಮೆಲ್ಲಗೆ ತಿಳಿಯಾಯಿತು. ಆಗ ನಾನು ಅವಳದೇ ದನಿಯಲ್ಲಿ, ಲಾಡ್ಜೆಲ್ಲ ಕೇಳುವಂತೆ, "ಬೌವಲ್ಸ್ ಓಪನ್ ಟುಡೇ?" ಎಂದೆ. ಬೆನ್ನಿಗೆ ಗುದ್ದು ಬಿತ್ತು. ನಗುತ್ತಲೇ ಅತ್ತೆ ಮಂಗನ ಟೋಪಿಯ ಅಂಚಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಆ ಒಲೆಗೆ ಚಿಮಣಿ ಇತ್ತು.

ತಂಡದ ಉಳಿದವರು ಮರುದಿನ ಘಟ್ಟ ದಾಟಿದರು. ನಾವು ಹೋದ ದಾರಿಯಲ್ಲೇ ವಾಪಸ್ ಬಂದೆವು.

ಈಗ ಅತ್ತೆಗೆ ಹೊಸ ಮಂಡಿ ಬಂದಿದೆ. ಕಳೆದ ಶನಿವಾರ ನೋಡಲು ಹೋಗಿದ್ದೆ. ಕಾಲನ್ನು ದಿಂಬಿನ ಮೇಲೆ ಚಾಚಿ ವರಾಂಡದಲ್ಲಿ ಕೂತಿದ್ದಳು. ಪಕ್ಕದ ಮನೆಯ ಮುದುಕ ಒಂದು ಚೀಲ ಫಿಜೋವಾ ಹಣ್ಣು ತಂದವನು, ಅಭ್ಯಾಸಬಲದಿಂದ ಕೇಳಿಯೇಬಿಟ್ಟ: "ಸೋ, ವೇರ್ ಟು ನೆಕ್ಸ್ಟ್?"

ಅತ್ತೆ ಹಲ್ಲು ಕಚ್ಚಲಿಲ್ಲ. ಕೈಯಲ್ಲಿದ್ದ ಲೋಟ ಎತ್ತಿ ತೋರಿಸಿದಳು.

"ಸ್ಟಿಲ್ ಡ್ರಿಂಕಿಂಗ್ ವಾಟರ್," ಎಂದಳು.

ಮುದುಕನಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ಲೋಟ ಖಾಲಿಯಾದಾಗ ನಾನೇ ಒಳಗೆ ಹೋಗಿ ತುಂಬಿಸಿ ತಂದೆ. ಪೂರ್ತಿ ಅಲ್ಲ, ಅರ್ಧ. ಬೇಗ ಮುಗಿಯಲಿ ಎಂದು.