ಹಲ್ಲು ನೋವಿಗೊಂದು ಗೊಂಬೆ ಪಿಕ್ಚರು

ಕಡೂರು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ದವಡೆ ಹಿಡಿದುಕೊಂಡು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೋಗುವ ಪ್ರಸಂಗ ಇಲ್ಲಿ ವಾರಕ್ಕೊಂದಾದರೂ ನಡೆಯುತ್ತದೆ. ಅದಕ್ಕೆಲ್ಲ ಮೂಲ ನನ್ನ ನಾಚಿಕೆ.

ನನ್ನ ಕೆಲಸದಲ್ಲಿ ಮುಖ್ಯವಾದದ್ದು ಸರದಿ ಬಂದವರ ಹೆಸರನ್ನು ಗಟ್ಟಿಯಾಗಿ ಕೂಗುವುದು. ನನ್ನ ಗಂಟಲಿಗೆ ಅದೊಂದೇ ಬರುತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ನಾನು ಎಲ್ಲರಿಗಿಂತ ಚೆನ್ನಾಗಿ ಕಲಿತ ಪಾಠ ‘ಸೈಲೆನ್ಸ್’. ಮೊದಲನೇ ದಿನ ಒಬ್ಬ ಅಜ್ಜಿಗೆ, “ದಯವಿಟ್ಟು ಕುಳಿತುಕೊಳ್ಳಿ, ವೈದ್ಯರು ಈಗ ಬರುತ್ತಾರೆ” ಅಂದೆ. ಅಜ್ಜಿ ಪಕ್ಕದವಳ ಕಡೆ ತಿರುಗಿ, “ಈ ಹುಡುಗಿ ಮೊದ್ಲು ರೇಡಿಯೋದಲ್ಲಿ ವಾರ್ತೆ ಓದ್ತಿತ್ತೇನೇ?” ಅಂದಳು. ಇದ್ದಷ್ಟು ದನಿಯೂ ಅಲ್ಲಿಗೆ ಹೋಯಿತು.

ಡಾಕ್ಟರು ಒಳ್ಳೆಯವರೇ. ಆದರೂ ಒಂದು ದಿನ ಕರೆದು, “ನೋಡಮ್ಮಾ, ನೀವು ಹೆಸರು ಕರೆದರೆ ನಿಮಗೇ ಕೇಳಿಸಲ್ಲ. ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ” ಅಂದರು. ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿಯಬೇಕು. ಅವರಿಗಿಂತ ಹಲ್ಲು ನೋವಿನವರು ಎಷ್ಟೋ ವಾಸಿ, ಪ್ರಶ್ನೆ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಕಾಯುವವರ ರೂಮಿನಲ್ಲಿ ಒಂದು ಟಿವಿ ಇತ್ತು. ಅದಕ್ಕೆ ಹಳೇ ಕಾಲದ ಕಪ್ಪು ಬಿಳುಪು ಕಾರ್ಟೂನುಗಳನ್ನು ಹಾಕಿಟ್ಟೆ. ಮಾತೇ ಇಲ್ಲ. ಓಡುವುದು, ಬೀಳುವುದು, ಚಪ್ಪಟೆಯಾಗುವುದು, ಮತ್ತೆ ಎದ್ದು ಓಡುವುದು. ಹಿಂದೆ ಪೀಪಿ, ಡೋಲು. ಮಾತಾಡದೆಯೂ ಇಷ್ಟು ಜನರನ್ನು ನಗಿಸಬಹುದು ಅನ್ನುವುದೇ ನನಗೆ ದೊಡ್ಡ ಸಮಾಧಾನ. ಜನ ಕೂತಲ್ಲೇ ಬಾಯಿ ತೆರೆದು ನೋಡುತ್ತಿದ್ದರೆ ನಾನು ಹೆಸರು ಕೂಗದೆ ಮೆಲ್ಲಗೆ ಹೋಗಿ ಭುಜ ಮುಟ್ಟಿ ಒಳಗೆ ಕಳಿಸುತ್ತಿದ್ದೆ. ಬಾಯಿ ಹೇಗೂ ತೆರೆದೇ ಇರುತ್ತಿತ್ತು, ಡಾಕ್ಟರಿಗೂ ಅನುಕೂಲ.

ತೋಳದ ಪಕ್ಷ

ಯಗಟಿ ಕಡೆಯಿಂದ ಕುರಿ ಸಾಕುವ ಒಬ್ಬ ಅಜ್ಜ ಹೆಂಡತಿಯ ಜೊತೆ ಬಂದಿದ್ದರು. ಟಿವಿಯಲ್ಲಿ ಒಂದು ತೋಳ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗಿ ಬೆಟ್ಟದ ಅಂಚು ದಾಟಿಬಿಟ್ಟಿತು. ಗಾಳಿಯಲ್ಲೇ ನಿಂತಿದೆ, ಅದಕ್ಕೆ ಗೊತ್ತಿಲ್ಲ. ಕೆಳಗೆ ನೋಡಿದ ಮೇಲೇ ಬಿದ್ದದ್ದು. ಇನ್ನೊಂದು ಸಲವೂ ಹಾಗೇ ಆಯಿತು. ಮೂರನೇ ಸಲ ಅಜ್ಜನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಲೇ, ಕೆಳಗ್ ನೋಡ್ಬ್ಯಾಡ ಕಣೋ! ಹಂಗೇ ಹಿಂದಕ್ ಬಾರೋ!” ಅಂತ ಕೂಗಿದರು.

ಅಜ್ಜಿಗೆ ಸಿಟ್ಟು ಬಂತು. “ಹೋದ್ವರ್ಷ ನಮ್ ಮರಿ ಹೊತ್ಕೊಂಡೋಯ್ತಲ್ಲ ತೋಳ, ಆವತ್ತು ಈ ಬಾಯಿ ಎಲ್ಲೋಗಿತ್ತು?”

“ಅದು ಬ್ಯಾರೆ ತೋಳ ಕಣೇ. ಇದು ಪಾಪದ್ದು.”

ಅಷ್ಟರಲ್ಲಿ ಅಜ್ಜನ ಸರದಿ ಬಂತು. ಒಳಗೆ ಡಾಕ್ಟರು ಇಂಜೆಕ್ಷನ್ ತೆಗೆದರೆ ಅಜ್ಜ ಕಣ್ಣು ಮುಚ್ಚಿ ಕೂತುಬಿಟ್ಟರು. ಒಂದು ಕೊಸರಾಟವಿಲ್ಲ. ಹಲ್ಲು ಕೈಗೆ ಬಂತು. “ಮುಗೀತು ಅಜ್ಜ, ಕಣ್ಣು ಬಿಡಿ” ಅಂದರೆ ಬಿಡಲೊಲ್ಲರು. ಮರಗಟ್ಟಿದ ಬಾಯಲ್ಲೇ ತೊದಲಿದರು: “ನೋಡಿದ್ರೆ ತಾನೇ ಸಾರ್ ನೋವು ಶುರುವಾಗದು? ಮನೇಗ್ ಹೋಗಿ ನೋಡ್ಕತೀನಿ.”

ಬಾಣಲೆ ಪರೀಕ್ಷೆ

ಲಿಂಗದಹಳ್ಳಿಯ ಒಬ್ಬ ಅತ್ತೆ ಹಲ್ಲಿನ ಸೆಟ್ ಕಟ್ಟಿಸಲು ಸೊಸೆಯ ಜೊತೆ ಬರುತ್ತಿದ್ದರು. ಆವತ್ತು ಟಿವಿಯಲ್ಲಿ ಅಡುಗೆಮನೆಗೆ ನುಗ್ಗಿದ ಬೆಕ್ಕಿಗೆ ಬಾಣಲೆಯಿಂದ ಏಟು ಬಿತ್ತು. ಬಾಣಲೆ ಬೆಕ್ಕಿನ ಮೂತಿಯ ಆಕಾರಕ್ಕೇ ತಗ್ಗಾಯಿತು. ಎಲ್ಲರೂ ನಕ್ಕರು, ಅತ್ತೆ ನಗಲಿಲ್ಲ.

“ಇದು ಹಳೇ ಕಾಲದ್ ಪಿಕ್ಚರಾ?” ಅಂತ ನನ್ನನ್ನು ಕೇಳಿದರು. ಹೌದೆಂದು ತಲೆಯಾಡಿಸಿದೆ.

“ಸುಳ್ಳು. ಹಳೇ ಕಾಲದ್ ಬಾಣಲೆ ಹಿಂಗ್ ಬಗ್ತಿರ್ಲಿಲ್ಲ. ಇದು ನಮ್ ಸೊಸೆ ಮೊನ್ನೆ ತಂದಂಥದ್ದು.”

ಸೊಸೆ ಫೋನ್ ನೋಡುತ್ತಾ, “ಹೊಡೆದು ನೋಡಿದ್ರಾ ಅತ್ತೆ?” ಅಂದಳು.

ಅಷ್ಟರಲ್ಲಿ ಬೆಕ್ಕಿನ ಹಲ್ಲುಗಳೆಲ್ಲ ಜೋಳ ಉದುರಿದ ಹಾಗೆ ಪಟಪಟ ಉದುರಿದವು. ಮುಂದಿನ ಕ್ಷಣ ಅದೇ ಬೆಕ್ಕು ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ಬಂತು. ಅತ್ತೆ ಅದನ್ನು ಚೆನ್ನಾಗಿ ಗಮನಿಸಿಕೊಂಡೇ ಒಳಗೆ ಹೋದರು. ಡಾಕ್ಟರು ಅಳತೆ ತೆಗೆದುಕೊಂಡು, ಎಂದಿನಂತೆ, “ಇನ್ನೂ ಸ್ವಲ್ಪ ಕೆಲಸ ಇದೆಯಮ್ಮಾ, ಮುಂದಿನ ವಾರ ಬನ್ನಿ” ಅಂದರು.

ಅತ್ತೆ ಕುರ್ಚಿಯಿಂದ ಇಳಿಯಲೇ ಇಲ್ಲ. “ಹೊರಗಡೆ ಆ ಬೆಕ್ಕಿಗೆ ಮುಂದಿನ್ ವಾರ ಬಾ ಅಂದ್ರಾ?”

ರೈಲು ಬಂತು

ಈ ಪ್ರಸಂಗದಲ್ಲಿ ನಾನು ನಗಲಿಲ್ಲ. ಶಿವನಿಯ ಕಡೆಯವರೊಬ್ಬರು, ರೈಲ್ವೆ ಗೇಟ್ ಕಾಯುವ ಕೆಲಸ ಮಾಡಿ ರಿಟೈರ್ ಆದವರು, ಕುರ್ಚಿಯಲ್ಲಿ ಒರಗಿದ್ದರು. ಫ್ಯಾನಿನ ಗಾಳಿಗೆ ಅವರಿಗೆ ಹಾಗೇ ಜೊಂಪು. ಡಾಕ್ಟರ ಬೆರಳು ಅವರ ದವಡೆಯ ಒಳಗಡೆ. ಆಗಲೇ ಹೊರಗೆ ಟಿವಿಯಲ್ಲಿ ರೈಲೊಂದು ಕೂ ಅಂತ ಕೂಗಿಕೊಂಡು ಬಂತು.

ಅವರು ದಡಬಡಿಸಿ ಎದ್ದರು. ಏಳುವ ಮೊದಲು ಬಾಯಿ ಮುಚ್ಚಿದರು.

ಡಾಕ್ಟರು ಕೂಗಿದ್ದು ರೈಲಿಗಿಂತ ಜೋರಾಗಿ. ಗೇಟಿನವರು ಅದ್ಯಾವುದನ್ನೂ ಕೇಳಿಸಿಕೊಳ್ಳದೆ, ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಹೊರಗೆ ಓಡಿ ಬಂದು, ನಮ್ಮ ಬಾಗಿಲನ್ನು ಎಳೆದು ಚಿಲಕ ಹಾಕಿ, ಒಳಗೆ ಬರಲು ನಿಂತಿದ್ದವರಿಗೆ, “ಗಾಡಿ ಹೋಗೋವರ್ಗೂ ನಿಲ್ರೀ!” ಅಂದರು.

ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಡಾಕ್ಟರು ನನ್ನ ಟೇಬಲ್ ಮುಂದೆ ನಿಂತರು. “ಶನಿವಾರದವರೆಗೆ ಈ ಟಿವಿ. ಸೋಮವಾರದಿಂದ ಇದು ಇರಲ್ಲ. ನೀವು ಹೆಸರು ಕೂಗಿದ್ರೆ ನೀವಿರ್ತೀರಿ. ಇಲ್ಲದಿದ್ರೆ ಬೇಡಮ್ಮ.”

ಆ ವಾರವೆಲ್ಲ ಮನೆಯ ಮಹಡಿ ಮೇಲೆ ನಿಂತು ಕೂಗುವ ಅಭ್ಯಾಸ ಮಾಡಿದೆ. ಅಮ್ಮ ಕೆಳಗಿಂದ, “ಮೇಲೆ ಏನೋ ಗೊಣಗ್ತಿದೀಯಲ್ಲ, ಜ್ವರ ಏನೇ?” ಅಂದರು.

ಸೀಟು

ಶನಿವಾರ ಬಂತು. ಕಾಯುವ ರೂಮು ತುಂಬಿ ಮೆಟ್ಟಿಲವರೆಗೂ ಜನ. ಒಳಗೆ ಕುರ್ಚಿಯಲ್ಲಿ ಒಬ್ಬ ರಿಟೈರ್ಡ್ ಹೆಡ್‌ಮಿಸ್ಸು, ಜೀವನದಲ್ಲಿ ನಕ್ಕ ದಾಖಲೆ ಇಲ್ಲದವರು. ಡಾಕ್ಟರು ಅವರ ಬಾಯಿಗೆ ಬಗ್ಗಿ ಕನ್ನಡಿ ಹಿಡಿದಿದ್ದರು. ಬಾಗಿಲು ಅರ್ಧ ತೆಗೆದಿತ್ತು. ನನಗೆ ಎಲ್ಲ ಕಾಣುತ್ತಿತ್ತು.

ನಮ್ಮ ಕಡೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆಯುತ್ತಾರೆ. ಟವೆಲ್ ಬಿದ್ದ ಸೀಟು ಎಸೆದವರದು. ಅದಕ್ಕೆ ಮೇಲ್ಮನವಿ ಇಲ್ಲ. ಅಜ್ಜಂಪುರದಿಂದ ಬಂದ ಒಬ್ಬ ಗೌಡರು ಮೆಟ್ಟಿಲ ಮೇಲಿನ ಜನ ನೋಡಿದರು, ರಸ್ತೆ ಕಡೆಯ ಕಿಟಕಿ ನೋಡಿದರು, ಹೆಗಲ ಮೇಲಿನ ಕೆಂಪು ಟವೆಲನ್ನು ಮುದ್ದೆ ಮಾಡಿ ಕಂಬಿಗಳ ನಡುವೆ ಒಳಗೆ ಹಾಕಿದರು.

ಅದು ಕಾಯುವ ರೂಮಿನ ಕಿಟಕಿಯಾಗಿರಲಿಲ್ಲ.

ಟವೆಲ್ ಬಿಚ್ಚಿಕೊಂಡು ಡಾಕ್ಟರ ತಲೆ, ಮುಖ ಎಲ್ಲ ಮುಚ್ಚಿತು. ಅವರು ಬೆಚ್ಚಿ ಹಿಂದಕ್ಕೆ ಹೆಜ್ಜೆ ಇಟ್ಟದ್ದು ಕುರ್ಚಿಯನ್ನು ಏರಿಸುವ ಪೆಡಲಿನ ಮೇಲೆ. ಹೆಡ್‌ಮಿಸ್ಸು ಬಾಯಿ ತೆರೆದುಕೊಂಡೇ ನಿಧಾನವಾಗಿ ಮೇಲಕ್ಕೆ ಹೊರಟರು. ಡಾಕ್ಟರು ಕೈ ಚಾಚಿ ಟವೆಲ್ ಅಂದುಕೊಂಡು ನೀರಿನ ಪೈಪ್ ಹಿಡಿದು ಒತ್ತಿದರು. ನೀರು ಹೆಡ್‌ಮಿಸ್ಸಿನ ಕನ್ನಡಕಕ್ಕೆ. ಹತ್ತಿ ಉಂಡೆಗಳ ಡಬ್ಬ ಬಿದ್ದು ಒಂದೊಂದೇ ಉಂಡೆ ಉರುಳಿಕೊಂಡು ಹೊರಗೆ ಬಂತು. ಇಷ್ಟಕ್ಕೂ ಟಿವಿಯ ಪೀಪಿ, ಡೋಲು ತಾಳ ತಪ್ಪದೆ ಮೊಳಗುತ್ತಿದ್ದವು. ಟಿವಿ ನೋಡುತ್ತಿದ್ದವರೆಲ್ಲ ತಿರುಗಿ ಈ ಕಡೆ ನೋಡತೊಡಗಿದರು.

ಹೆಡ್‌ಮಿಸ್ಸು ಇನ್ನೂ ಏರುತ್ತಲೇ ಇದ್ದರು.

“ಸಾರ್! ಪೆಡಲಿಂದ ಕಾಲು ತೆಗೀರೀ!”

ರಸ್ತೆಯಾಚೆಯ ಆಟೋದವರು ಎದ್ದು ನಿಂತರು. ಕೂಗಿದ್ದು ಯಾರೆಂದು ನಾನೂ ಹಿಂತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ಡಾಕ್ಟರು ಕಾಲು ತೆಗೆದು, ಮುಖದ ಮೇಲಿನ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು. “ಯಾರ್ರೀ ಅದು ಕೂಗಿದ್ದು?”

“ನಾನೇ ಸಾರ್.” ನಗು ತಡೆಯಲಾಗುತ್ತಿರಲಿಲ್ಲ. ಒಳಗೆ ಎತ್ತರದಲ್ಲಿ ಹೆಡ್‌ಮಿಸ್ಸಿನ ಭುಜಗಳೂ ಕುಲುಕುತ್ತಿದ್ದವು.

“ಇಷ್ಟು ದಿನ ಈ ಗಂಟಲು ಎಲ್ಲಿಟ್ಟಿದ್ರಿ? ಮುಂದಿನ ಹೆಸರು ಕೂಗಿ, ನೋಡೋಣ.”

ನಗುತ್ತಲೇ ಕೂಗಿದೆ. ಮೆಟ್ಟಿಲ ಕೊನೆಯಲ್ಲಿದ್ದ ಹೆಂಗಸು, “ಬಂದೇ!” ಅಂತ ಅಲ್ಲಿಂದಲೇ ಉತ್ತರ ಕೊಟ್ಟಳು.

“ಸರಿ. ನೀವೂ ಇರಿ, ಟಿವಿನೂ ಇರ್ಲಿ. ಮೊದ್ಲು ಆ ಕಿಟಕಿ ಮುಚ್ಚಿಸಿ” ಅಂದರು ಡಾಕ್ಟರು.

ಆಗ ಗುಂಪು ಸರಿಸಿಕೊಂಡು ಅಜ್ಜಂಪುರದ ಗೌಡರು ಒಳಗೆ ಬಂದರು. ಮೆಟ್ಟಿಲಿಂದ ಬರುತ್ತಿದ್ದ ಹೆಂಗಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿ, ಅವರ ಹೆಗಲಿಗೆ ಬೆರಳು ತೋರಿಸಿದರು.

“ನೀನ್ ಆಮೇಲ್ ಬಾರವ್ವ. ಈ ಡಾಕ್ಟ್ರು ನಮ್ದು. ಟವೆಲ್ ಹಾಕಿದೀನಿ ನೋಡು.”